ಇಲ್ಲವೆಂಬುದರ ಅರ್ಥ

ಕಡತವೆಂಬ ಮಾತು ಕನ್ನಡದಲ್ಲಿ ಹಳೆಯದು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಅದು ಹಲಗೆಯಂತೆ ಗಟ್ಟಿಯಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಿಸಿಟ್ಟುಕೊಂಡು, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಅಂಗಡಿಯ ಲೆಕ್ಕ, ಮಠದ ಆಯವ್ಯಯ ಮೊದಲಾದುವಕ್ಕೆಲ್ಲ ಅದೇ ಆಧಾರವಾಗಿತ್ತು. ಶೃಂಗೇರಿಯ ಮಠದ ಕಡತಗಳು ಚರಿತ್ರಕಾರರಿಗೆ ಇಂದಿಗೂ ಬೆಲೆಯುಳ್ಳ ಸಾಮಗ್ರಿ. ಕಡತಕ್ಕೆ ಒಂದು ಗುಣವುಂಟು. ಅದೇ ಅದರ ದೋಷವೂ ಹೌದು. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರವನ್ನು ಅಳಿಸಬೇಕಾದರೆ ಗರಿಯನ್ನೇ ಕೆಡಿಸಬೇಕು; ಕಡತದ ಮೇಲಣ ಬರಹವನ್ನಾದರೋ ಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದು. ಈಗ ಗಣಕಯಂತ್ರದ ಫೈಲಿಗೂ ಕನ್ನಡದಲ್ಲಿ ಕಡತವೆಂದೇ ಹೆಸರಾಗಿದೆ. ಹೆಸರು ಅನ್ವರ್ಥವಾಗಿದೆಯೆಂದೇ ಹೇಳಬೇಕು: ಅಲ್ಲಿ ಬರೆಯುವುದು ಎಷ್ಟು ಸುಲಭವೋ ಒರಸುವುದು ಅದಕ್ಕಿಂತ ಸುಲಭ.

ಒಂದು ಮನೆಯಲ್ಲಿ ಒಂದೇ ಕಡತವಿದ್ದರೆ ಅದನ್ನು ಕಾಪಾಡುವ ಚಿಂತೆಯೊಂದೇ. ಅದೇ ಕಡತ ಎರಡು ಮನೆಗಳಲ್ಲಿದ್ದರೆ, ಯಾವ ಮನೆಯ ಪಾಠ ಸರಿ ಎಂಬ ಚಿಂತೆ ಅದರ ಜೊತೆಗೆ ಸೇರುವುದು. ಹಿಂದೆ ಗ್ರಂಥಗಳ ಪ್ರತಿಯೆತ್ತುವವರು ಮೂಲದಲ್ಲಿದ್ದುದನ್ನು ಇದ್ದಂತೆಯೇ ಬರೆದು, ತಪ್ಪಿದ್ದರೆ ಅದು ತಮ್ಮದಲ್ಲವೆಂದು ಕೊನೆಯ ಗರಿಯಲ್ಲಿ ಒಂದು ಮಾತು ಸೇರಿಸಿ ಕೈತೊಳೆದುಕೊಳ್ಳುತ್ತಿದ್ದರು. ಮೂಲದಲ್ಲಿ ನೊಣವೊಂದು ಸತ್ತು ಅಂಟಿಕೊಂಡಿದ್ದರೆ, ಪ್ರತಿಯಲ್ಲಿಯೂ ಅದೇ ಜಾಗದಲ್ಲಿ ಒಂದು ನೊಣವನ್ನು ಹಿಡಿದು ಅಂಟಿಸಿದ ಲಿಪಿಕಾರನ ಕಥೆಯನ್ನು ಮಕ್ಕಿಕಾಮಕ್ಕಿ ಎಂಬ ಮಾತಿಗೆ ಮೂಲವಾಗಿ ಹೇಳುವುದುಂಟು. ಆ ಲಿಪಿಕಾರನನ್ನು ಕಂಡು ಜನ ನಕ್ಕರು. ಆದರೆ ಮೂಲದಲ್ಲಿ ಒಂದು ಗರಿ ಕಳೆದುಹೋಯಿತೆಂದು ತನ್ನ ಪ್ರತಿಯಿಂದಲೂ ಆ ಗರಿಯನ್ನು ಕಿತ್ತು ಒಲೆಗೆ ಹಾಕಿದ ಲಿಪಿಕಾರನು ಯಾವ ಕಥೆಯಲ್ಲಿಯೂ ಇಲ್ಲ. ಅಂಥವನು ಈಗ ಹುಟ್ಟಿದ್ದಾನೆ. ಎರಡು ಕಂಪ್ಯೂಟರುಗಳಲ್ಲಿರುವ ಕಡತಗಳನ್ನು ಪರಸ್ಪರ ಹೊಂದಿಸಿಡುವ, ಜನರು ಸಿಂಕ್ ಎಂದು ಕರೆಯುವ ವ್ಯವಸ್ಥೆಯೇ ಅವನು. ಅವನು ದುಷ್ಟನಲ್ಲ, ಹೇಳಿದಷ್ಟನ್ನು ಮಾಡುವವನು. ಅವನಿಗೆ ಏನು ಹೇಳಬೇಕೆಂಬುದನ್ನು ತಿಳಿಯದೆಯೆ ಅವನನ್ನು ಕೆಲಸಕ್ಕೆ ಹಚ್ಚಿದ ಒಂದು ಮನೆಯವರ ವೃತ್ತಾಂತ ವಾಚಕರಿಗೆ ಉಪಯೋಗವಾದೀತು.

ತೀರ್ಥಹಳ್ಳಿಯ ಕಡೆ, ತುಂಗೆಗೆ ಸಮೀಪದಲ್ಲಿ, ಒಂದು ಅಡಕೆತೋಟದ ಮನೆ. ಅಣ್ಣನವರು ತೋಟವನ್ನು ನೋಡಿಕೊಂಡು ಅಲ್ಲಿಯೇ ಉಳಿದವರು. ತಮ್ಮನವರು ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಮೈಸೂರಿನಲ್ಲಿ ನೆಲಸಿದವರು. ಇಬ್ಬರೂ ಅರುವತ್ತನ್ನು ದಾಟಿದವರು. ಅವರ ತಾಯಿಯವರಿಗೆ ಹಾಡುಗಳು ಬರುತ್ತಿದ್ದುವು: ಎಣ್ಣೆ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಹೂ ಮುಡಿಸುವ ಹಾಡು, ಉರುಟಣೆಯ ಹಾಡು, ಬೀಗಿತ್ತಿಯನ್ನು ಹಾಸ್ಯಮಾಡುವ ಹಾಡು, ತೊಟ್ಟಿಲ ಹಾಡು. ಆಕೆ ಇವನ್ನು ಎಲ್ಲಿಯೂ ಬರೆದಿಟ್ಟವರಲ್ಲ. ತಮ್ಮ ತಾಯಿಯ ಬಾಯಿಂದ ಕಿವಿಗೆ ಬಂದದ್ದು ಕಂಠದಲ್ಲಿ ನಿಂತಿತ್ತು. 2019ರ ದೀಪಾವಳಿಗೆ ಊರಿಗೆ ಹೋದ ತಮ್ಮನವರ ಮಗಳು ಅಂಗೈಯಗಲದ ಧ್ವನಿಮುದ್ರಣಯಂತ್ರವೊಂದನ್ನು ಅಜ್ಜಿಯ ಮುಂದಿಟ್ಟು ಹಾಡಿಸಿದಳು. ಹೊರಡುವಾಗ ಯಂತ್ರವನ್ನು ದೊಡ್ಡಪ್ಪನ ಕೈಯಲ್ಲಿ ಕೊಟ್ಟು ಬಂದಳು. ಆಮೇಲೆ ಎರಡು ವರ್ಷ, ತೋಟದ ಕೆಲಸ ಬಿಡುವಾದ ಸಂಜೆಗಳಲ್ಲಿ, ಅಣ್ಣನವರು ತಾಯಿಯನ್ನು ಜಗಲಿಯ ಮೇಲೆ ಕೂರಿಸಿ ಒಂದೊಂದೇ ಹಾಡನ್ನು ಹಿಡಿದಿಟ್ಟರು. 2021ರ ಕಾರ್ತಿಕಮಾಸದಲ್ಲಿ ಆಕೆ ತೀರಿಕೊಂಡಾಗ 46 ಹಾಡುಗಳಾಗಿದ್ದುವು. ಒಟ್ಟು ಸುಮಾರು 9 ಗಂಟೆಯ ಧ್ವನಿ.

ಹಾಡನ್ನು ಹಿಡಿಯುವುದು ಊರಿನಲ್ಲಿ. ಅದನ್ನು ಕೇಳಿ ಬರೆಯುವುದು ಮೈಸೂರಿನಲ್ಲಿ. ಊರುಬಿಟ್ಟವರು ಮರೆತ ಮಾತುಗಳು ಬರೆಹದಲ್ಲಿ ತಪ್ಪಾಗಿ ಬಿದ್ದಿದ್ದರೆ ತಿದ್ದುವುದು ಮತ್ತೆ ಊರಿನಲ್ಲಿ. ಹೀಗೆ ಕಡತಗಳು ಎರಡು ಕಡೆಗೂ ಓಡಾಡಬೇಕಾಗಿದ್ದುವು. ಮೊದಮೊದಲು ಪೆನ್‌ಡ್ರೈವಿನಲ್ಲಿ ತುಂಬಿ, ಹೋಗಿಬರುವವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ಬಳಿಕ ತಮ್ಮನವರು ಸಿಂಕ್ ಮಾಡುವ ತಂತ್ರಾಂಶವೊಂದನ್ನು ಎರಡು ಕಂಪ್ಯೂಟರುಗಳಿಗೂ ಹಾಕಿದರು. ಹಾಕುವಾಗ ಅದು ಐದಾರು ಪ್ರಶ್ನೆಗಳನ್ನು ಕೇಳಿತು. ಬ್ಯಾಂಕಿನಲ್ಲಿ ಪ್ರತಿಯೊಂದು ಕಾಗದವನ್ನೂ ಸಾಲುಸಾಲಾಗಿ ಓದಿದಲ್ಲದೆ ರುಜು ಹಾಕದಿದ್ದವರು, ಇಲ್ಲಿ ಮಾತ್ರ ಒಂದನ್ನೂ ಓದದೆ, ಮುಂದೆ ಮುಂದೆ ಎಂಬ ಗುಂಡಿಯನ್ನೇ ಒತ್ತಿದರು. ಯಂತ್ರವು ತಾನಾಗಿ ಆರಿಸಿಟ್ಟಿದ್ದ ಉತ್ತರಗಳೇ ನಿಂತುವು: ಬದಲಾವಣೆ ಎರಡು ಕಡೆಗೂ ಹರಿಯಲಿ, ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯಲಿ, ಅಳಿದುದನ್ನು ತೆಗೆದಿಡುವುದು ಬೇಡ.

ಹಲವು ತಿಂಗಳು ಎಲ್ಲವೂ ಸೊಗಸಾಗಿ ನಡೆಯಿತು. ಊರಿನಲ್ಲಿ ವಿದ್ಯುತ್ತೂ ಇಂಟರ್‌ನೆಟ್ಟೂ ಕೂಡಿಬಂದ ರಾತ್ರಿಗಳಲ್ಲಿ ಕಡತಗಳು ತಾವಾಗಿ ಹೋಗಿ ಬರುತ್ತಿದ್ದುವು. ಬೆಳಿಗ್ಗೆ ಎದ್ದು ನೋಡಿದರೆ ಅಣ್ಣನ ತಿದ್ದುಪಡಿ ತಮ್ಮನ ಮೇಜಿನ ಮೇಲೆ ಇರುತ್ತಿತ್ತು. ಇಷ್ಟು ಸುಖವಾಗಿ ನಡೆಯುವ ಕೆಲಸದ ಒಳಗನ್ನು ಯಾರು ಇಣಿಕಿ ನೋಡುವರು?

2022ರ ಮಳೆಗಾಲ. ಊರಿನ ಕಂಪ್ಯೂಟರಿನಲ್ಲಿ ಜಾಗ ಮುಗಿಯುತ್ತ ಬಂದಿತೆಂದು ಯಂತ್ರವು ದಿನವೂ ಎಚ್ಚರಿಸತೊಡಗಿತು. ಯಾವುದು ಹೆಚ್ಚು ಜಾಗ ಹಿಡಿದಿದೆಯೆಂದು ಅಣ್ಣನವರು ಹುಡುಕಿದರೆ, ಕಂಡದ್ದು ಹಾಡುಗಳ ಫೋಲ್ಡರು. ಸಹಜವೇ. ಸೆಕೆಂಡಿಗೆ 44,100 ಸಲ ಅಳೆದು, ಎಡಬಲ ಎರಡು ಕಿವಿಗಳಿಗೂ ಬೇರೆಬೇರೆಯಾಗಿ, ಸ್ವಲ್ಪವೂ ಕುಗ್ಗಿಸದೆ ಬರೆದಿಟ್ಟ ಧ್ವನಿಗೆ ಗಂಟೆಯೊಂದಕ್ಕೆ 635 ಮೆಗಾಬೈಟು ಬೇಕು. 9 ಗಂಟೆಗೆ ಸುಮಾರು 5.7 ಗಿಗಾಬೈಟು. ಮೈಸೂರಿನಲ್ಲಿ ಇನ್ನೊಂದು ಪ್ರತಿಯಿದೆ. ಇಲ್ಲಿ ಎರಡನೆಯದು ಏತಕ್ಕೆ? ಹೀಗೆಂದುಕೊಂಡು ಅಣ್ಣನವರು ಫೋಲ್ಡರನ್ನು ಅಳಿಸಿದರು. ಜಾಗ ಬಿಡುವಾಗಲೆಂದು ಕಸದ ಬುಟ್ಟಿಯನ್ನೂ ಬರಿದುಮಾಡಿದರು. ಆ ರಾತ್ರಿ ವಿದ್ಯುತ್ತಿತ್ತು, ಇಂಟರ್‌ನೆಟ್ಟೂ ಇತ್ತು. ಯಂತ್ರವು ತನಗೆ ಹೇಳಿದ್ದನ್ನು ಮಾಡಿತು.

ಮೂರು ದಿನಗಳಾದ ಮೇಲೆ ಮೈಸೂರಿನಿಂದ ಫೋನು ಬಂದಿತು.

“ಅಣ್ಣಯ್ಯ, ಅಮ್ಮನ ಹಾಡುಗಳನ್ನು ಬೇರೆ ಕಡೆ ಇಟ್ಟದ್ದು ಹೌದೇ?”

“ಇಲ್ಲವಲ್ಲ. ಜಾಗ ಸಾಲದೆಂದು ಇಲ್ಲಿಯದನ್ನು ತೆಗೆದುಹಾಕಿದೆ. ಅಲ್ಲಿ ಇದೆಯಲ್ಲ, ತಮ್ಮಾ.”

“ಇಲ್ಲಿ ಇಲ್ಲ.”

ಆಮೇಲೆ ಬಹಳ ಹೊತ್ತು ಎರಡು ಕಡೆಯಿಂದಲೂ ಮಾತಿರಲಿಲ್ಲ.

ಕೋಟೆ ಕೊಳ್ಳೆಹೋದ ಮೇಲೆ ಬಾಗಿಲು ಹಾಕುವ ಕೆಲಸವೆಲ್ಲ ನಡೆಯಿತು. ಎರಡು ಯಂತ್ರಗಳನ್ನೂ ಬಲ್ಲವರಿಗೆ ತೋರಿಸಿದರು. ಹಳೆಯ ಕಾಲದ ತಿರುಗುವ ಹಾರ್ಡ್‌ಡಿಸ್ಕಾಗಿದ್ದರೆ, ಅಳಿಸಿದ ಕಡತದ ಮೇಲೆ ಬೇರೆ ಬರೆಹ ಬೀಳುವವರೆಗೆ ಅದನ್ನು ಮರಳಿ ಪಡೆಯುವ ಆಶೆಯುಂಟು. ಈಗಿನ ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಜಾಗವನ್ನು ಡಿಸ್ಕೇ ಬೇಗನೆ ಶುಚಿಮಾಡಿಕೊಳ್ಳುವುದರಿಂದ ಆ ಆಶೆಯೂ ಕಡಮೆ. ಎರಡು ಕಡೆಯೂ ಎಸ್‌ಎಸ್‌ಡಿಯೇ ಇದ್ದಿತು. ಕೊನೆಗೆ ಕಾಪಾಡಿದ್ದು ತಮ್ಮನವರ ಹೆಂಡತಿ. ಆಕೆ ತನ್ನ ತಂಗಿಗೆ ಕೇಳಿಸಬೇಕೆಂದು ಹಿಂದೆ ಯಾವಾಗಲೋ ಹಾಡುಗಳನ್ನು ಪೆನ್‌ಡ್ರೈವಿಗೆ ತುಂಬಿಸಿಕೊಂಡಿದ್ದರು. ಅದು ಬೀರುವಿನಲ್ಲಿ, ಬಳೆಯ ಪೆಟ್ಟಿಗೆಯೊಳಗೆ, ಇದ್ದಿತು. ಅದರಿಂದ 39 ಹಾಡುಗಳು ಬಂದುವು. ತಾಯಿಯವರು ಕೊನೆಯ ಮಳೆಗಾಲದಲ್ಲಿ, ಧ್ವನಿ ಸಣ್ಣಗಾಗಿದ್ದಾಗ, ಹಾಡಿದ 7 ಹಾಡುಗಳು ಅದರಲ್ಲಿ ಇರಲಿಲ್ಲ.

ತಪ್ಪು ಯಾರದು? ಅಣ್ಣನವರು ತಮ್ಮದೆಂದರು, ಅಳಿಸಿದ ಕೈ ಅವರದು. ತಮ್ಮನವರು ತಮ್ಮದೆಂದರು; ಪ್ರಶ್ನೆಗಳನ್ನು ಓದದೆ ಒಪ್ಪಿದವರು ಅವರು. ವಿಚಾರಿಸಿ ನೋಡಿದರೆ, ಇಬ್ಬರ ಮನಸ್ಸಿನಲ್ಲಿಯೂ ಇದ್ದ ಭ್ರಮೆ ಒಂದೇ. ಎರಡು ಕಡೆ ಇರುವುದೆಲ್ಲ ಎರಡು ಪ್ರತಿಗಳೆಂದು ಅವರು ತಿಳಿದಿದ್ದರು. ಸಿಂಕ್ ಮಾಡಿದ ಕಡತಗಳು ಎರಡಾಗಿ ಕಂಡರೂ ಒಂದೇ. ಬಿಂಬವನ್ನು ತೆಗೆದರೆ ಕನ್ನಡಿಯೊಳಗಣ ಪ್ರತಿಬಿಂಬ ಉಳಿಯದು. ಹೊಂದಿಸಿಡುವುದು ಬೇರೆ, ಕಾಪಾಡಿಡುವುದು ಬೇರೆ. ಹೊಂದಿಸುವವನ ಧರ್ಮ ಎರಡನ್ನೂ ಸಮಮಾಡುವುದು. ಉಳಿದುದಕ್ಕೆ ಅಳಿದುದನ್ನು ಸಮಮಾಡುವುದೋ ಅಳಿದುದಕ್ಕೆ ಉಳಿದುದನ್ನು ಸಮಮಾಡುವುದೋ, ಅವನಿಗೆ ಎರಡೂ ಒಂದೇ.

ಇಲ್ಲಿಯೇ ವಿಷಯದ ಮರ್ಮವಿರುವುದು. ಒಂದು ಕಡೆ ಕಡತವಿದೆ, ಇನ್ನೊಂದು ಕಡೆ ಇಲ್ಲ. ಈ ‘ಇಲ್ಲ’ ಎಂಬುದರ ಅರ್ಥವೇನು? ಪಾಠಶಾಲೆಯಲ್ಲಿ ತರ್ಕಸಂಗ್ರಹ ಓದಿದ ಹುಡುಗನಿಗೂ ಅಭಾವವು ನಾಲ್ಕು ಬಗೆಯೆಂದು ಗೊತ್ತು. ಗಡಿಗೆ ಹುಟ್ಟುವ ಮುನ್ನ ಅದು ಇಲ್ಲದಿರುವುದು ಪ್ರಾಗಭಾವ. ಒಡೆದ ಮೇಲೆ ಇಲ್ಲವಾಗುವುದು ಪ್ರಧ್ವಂಸಾಭಾವ. ಗಾಳಿಯಲ್ಲಿ ಬಣ್ಣವಿಲ್ಲವೆಂಬಂತೆ ಎಂದಿಗೂ ಇಲ್ಲದಿರುವುದು ಅತ್ಯಂತಾಭಾವ. ಗಡಿಗೆ ಬಟ್ಟೆಯಲ್ಲವೆಂಬಂತೆ ಇದು ಅದಲ್ಲವೆನ್ನುವುದು ಅನ್ಯೋನ್ಯಾಭಾವ. ಬಾಲಕರಿಗೆ ಒಣಚರ್ಚೆಯಾಗಿ ಕಂಡ ಈ ವಿಭಾಗವು ಗಣಕಯಂತ್ರದ ಪೆಟ್ಟಿಗೆಯೊಳಗೆ ದಿನನಿತ್ಯದ ವ್ಯವಹಾರವಾಗಿದೆ.

ಮೈಸೂರಿನಲ್ಲಿರುವ ಕಡತವೊಂದು ಊರಿನಲ್ಲಿ ಇಲ್ಲವೆನ್ನಿ. ಅದು ಮೈಸೂರಿನಲ್ಲಿ ನಿನ್ನೆ ಹುಟ್ಟಿ ಇನ್ನೂ ಊರಿಗೆ ಬಂದಿಲ್ಲವಾದರೆ, ಊರಿನಲ್ಲಿರುವುದು ಪ್ರಾಗಭಾವ. ಆಗ ಕಡತವನ್ನು ಊರಿಗೆ ಕಳುಹಿಸಬೇಕು. ಅದು ಊರಿನಲ್ಲಿದ್ದು ನಿನ್ನೆ ಅಳಿಸಲ್ಪಟ್ಟುದಾದರೆ, ಅಲ್ಲಿರುವುದು ಪ್ರಧ್ವಂಸಾಭಾವ. ಆಗ ಮೈಸೂರಿನಿಂದಲೂ ಅಳಿಸಬೇಕೆಂದಾಗುವುದು. ಎದುರಿಗೆ ಕಾಣುವುದು ಎರಡರಲ್ಲಿಯೂ ಒಂದೇ ಬರಿದಾದ ಜಾಗ. ಮಾಡಬೇಕಾದ ಕೆಲಸಗಳು ಮಾತ್ರ ಒಂದಕ್ಕೊಂದು ವಿರುದ್ಧ. ಈಗಿನ ಸ್ಥಿತಿಯನ್ನು ಎಷ್ಟು ಕಣ್ಣರಳಿಸಿ ನೋಡಿದರೂ ಇವೆರಡರ ಭೇದ ತಿಳಿಯದು. ಹಿಂದೆ ಏನಿತ್ತೆಂಬ ನೆನಪು ಬೇಕು. ಅಭಾವವನ್ನು ಅರಿಯುವುದಕ್ಕೆ ಅದರ ಪ್ರತಿಯೋಗಿಯ ಸ್ಮರಣೆ ಬೇಕೆಂದು ನೈಯಾಯಿಕರು ಹೇಳಿದ್ದು ಇಲ್ಲಿ ಅಕ್ಷರಶಃ ಸಲ್ಲುವುದು.

ಈ ಸ್ಮರಣೆ ಇದೆಯೋ ಇಲ್ಲವೋ ಎಂಬುದರಿಂದಲೇ ಸಿಂಕ್ ಸಾಧನಗಳು ಎರಡು ಪಂಗಡಗಳಾಗುವುವು. ಆಸ್ಟ್ರೇಲಿಯದ ಕ್ಯಾನ್‌ಬೆರದಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ ಎಂಬಿಬ್ಬರು 1996ರಲ್ಲಿ ಹೊರತಂದ ಆರ್‌ಸಿಂಕ್ ಎಂಬುದು ಬಹು ಪ್ರಸಿದ್ಧವಾದದ್ದು. ದೊಡ್ಡ ಗ್ರಂಥದಲ್ಲಿ ನಾಲ್ಕು ಪುಟ ಬದಲಾದರೆ ಇಡೀ ಗ್ರಂಥವನ್ನು ಕಳುಹಿಸದೆ, ಶುದ್ಧಾಶುದ್ಧಪತ್ರಿಕೆಯಂತೆ ಬದಲಾದ ಭಾಗವನ್ನಷ್ಟೇ ಕಳುಹಿಸುವುದು ಅದರ ಚಮತ್ಕಾರ. ಆದರೆ ಕಳೆದ ಸಲ ಎರಡು ಕಡೆಯೂ ಏನಿತ್ತೆಂಬ ನೆನಪನ್ನು ಅದು ಇಟ್ಟುಕೊಳ್ಳುವುದಿಲ್ಲ. ಅದರ ಕೆಲಸ ಒಂದೇ ದಿಕ್ಕಿನದು: ಇದು ಮೂಲ, ಅದು ಪ್ರತಿ. ಪ್ರತಿಯಲ್ಲಿ ಹೆಚ್ಚಾಗಿರುವುದನ್ನು ಅಳಿಸೆಂದು ಬಾಯಿಬಿಟ್ಟು ಹೇಳಿದ ಹೊರತು ಅದು ಅಳಿಸದು. ಹೇಳಿದರೆ ಮಾತ್ರ ಹಿಂದುಮುಂದು ನೋಡದು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಬೆಂಜಮಿನ್ ಪಿಯರ್ಸ್ ಮತ್ತು ಅವರ ಸಂಗಡಿಗರು ರಚಿಸಿದ ಯೂನಿಸನ್ ಎಂಬುದು ಎರಡನೆಯ ಪಂಗಡದ್ದು. ಅದು ಪ್ರತಿಸಲವೂ ಎರಡು ಕಡೆಯ ಸ್ಥಿತಿಯನ್ನು ಬರೆದಿಟ್ಟುಕೊಂಡು, ಮುಂದಿನ ಸಲ ಅದರೊಡನೆ ಹೋಲಿಸಿ, ಹುಟ್ಟಿದ್ದಾವುದು, ಅಳಿದದ್ದಾವುದು ಎಂದು ನಿರ್ಣಯಿಸುವುದು. ಎರಡು ಕಡೆಯಲ್ಲಿಯೂ ಕೆಲಸ ನಡೆಯುವ ಮನೆಗೆ ಇಂಥ ನೆನಪಿನ ಸಾಧನವೇ ಬೇಕು. ಆದರೂ ನೆನಪು ಹೇಳುವುದು ಅಳಿಯಿತೆಂಬುದನ್ನು ಮಾತ್ರ. ಅಳಿಸಿದವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಅದು ಹೇಳಲಾರದು. ಅಣ್ಣನವರು ‘ಇಲ್ಲಿಂದ ತೆಗೆಯುತ್ತೇನೆ’ ಎಂದುಕೊಂಡರು. ಯಂತ್ರವು ‘ಇದು ಬೇಡವಾಯಿತು’ ಎಂದು ತಿಳಿಯಿತು.

ತಮ್ಮನವರು ಮೊದಲು ಯೋಚಿಸಿದ ಪರಿಹಾರವು ಹರಿವನ್ನು ಒಂದೇ ದಿಕ್ಕಿಗೆ ತಿರುಗಿಸುವುದು. ಹಾಡುಗಳು ಊರಿನಿಂದ ಮೈಸೂರಿಗೆ ಬರಲಿ. ಮೈಸೂರಿನದು ಏನೂ ಊರಿಗೆ ಹೋಗದಿರಲಿ. 2013ರಲ್ಲಿ ಹೊರಬಂದ ಸಿಂಕ್‌ಥಿಂಗ್ ಎಂಬ ಸಾಧನದಲ್ಲಿ ಪ್ರತಿ ಫೋಲ್ಡರಿಗೂ ಕೇವಲ ಕಳುಹಿಸು, ಕೇವಲ ಸ್ವೀಕರಿಸು, ಎರಡನ್ನೂ ಮಾಡು ಎಂದು ಬೇರೆ ಬೇರೆ ಏರ್ಪಾಡು ಮಾಡಬಹುದು. ಆದರೆ ಇಷ್ಟರಿಂದ ಆದ ಅನರ್ಥ ತಪ್ಪುತ್ತಿತ್ತೇ? ತಪ್ಪುತ್ತಿರಲಿಲ್ಲ. ಅಳಿಸುವುದೂ ಒಂದು ಬದಲಾವಣೆಯೇ. ಅದೂ ಹರಿವಿನೊಡನೆ ಬರುವುದು. ಊರಿನಲ್ಲಿ ಅಳಿಸಿದ್ದು ಏಕಮುಖದ ಏರ್ಪಾಡಿನಲ್ಲಿಯೂ ಮೈಸೂರಿನಲ್ಲಿ ಅಳಿಯುತ್ತಿತ್ತು. ದಿಕ್ಕು ಒಂದು ಪ್ರಶ್ನೆ, ಅಳಿವು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಹೇಳಿದ ಉತ್ತರ ಎರಡನೆಯದಕ್ಕೆ ಸಲ್ಲದು. ಇನ್ನು, ಎರಡು ಕಡೆಯನ್ನೂ ಪಡಿಯಚ್ಚು ಮಾಡುವ ‘ಕನ್ನಡಿ’ ಎಂಬ ಏರ್ಪಾಡಿನಲ್ಲಿ ಎಡಬಲಗಳನ್ನು ಅದಲುಬದಲು ಮಾಡಿದರಂತೂ ಕೆಲಸ ಮುಗಿಯಿತು: ಬರಿದಾದ ಹೊಸ ಡಿಸ್ಕೇ ಮೂಲವೆಂದಾಗಿ, ತುಂಬಿದ ಹಳೆಯದು ಅದಕ್ಕೆ ಸಮನಾಗಿ ಬರಿದಾಗುವುದು.

ಎರಡನೆಯ ಪ್ರಶ್ನೆಗೆ ತಮ್ಮನವರು ಕಂಡುಕೊಂಡ ಉತ್ತರ, ಅಳಿದುದನ್ನು ಕೂಡಲೆ ಎಸೆಯದೆ ಬೇರೊಂದು ಕಡೆ ತೆಗೆದಿಡೆಂದು ಹೇಳುವುದು. ಹಳೆಯ ಆವೃತ್ತಿಗಳನ್ನು ಉಳಿಸುವ ಈ ಏರ್ಪಾಡು ಇಂಥ ಸಾಧನಗಳಲ್ಲಿ ಸಾಮಾನ್ಯವಾಗಿ ಇರುವುದು. ಆದರೆ ಕೇಳಿದವರಿಗೆ ಮಾತ್ರ. ಇಲ್ಲಿಯೂ ಒಂದು ಸೂಕ್ಷ್ಮವುಂಟು. ಸಿಂಕ್‌ಥಿಂಗಿನಂಥವುಗಳಲ್ಲಿ ಆವೃತ್ತಿ ಉಳಿಯುವುದು ಬೇರೆಯ ಯಂತ್ರದಿಂದ ಬಂದ ಬದಲಾವಣೆಗಷ್ಟೇ. ಕುಳಿತ ಯಂತ್ರದಲ್ಲಿಯೇ ತಾನು ಅಳಿಸಿದ್ದಕ್ಕಲ್ಲ. ಆದುದರಿಂದ ಅದನ್ನು ಒಂದು ಕಡೆ ಮಾತ್ರ ಇಟ್ಟುಕೊಂಡರೆ ಸಾಲದು. ಊರಿನವರ ಕೈತಪ್ಪಿಗೆ ಮೈಸೂರಿನಲ್ಲಿಯೂ, ಮೈಸೂರಿನವರ ಕೈತಪ್ಪಿಗೆ ಊರಿನಲ್ಲಿಯೂ ಇಡಬೇಕು.

ಮೂರನೆಯ ಪ್ರಶ್ನೆ ಅನ್ಯೋನ್ಯಾಭಾವದ್ದು. ಹೆಸರು ಒಂದೇ, ಒಡಲು ಬೇರೆ, ಯಾವುದು ನಿಲ್ಲಬೇಕು? ಹೊಸದು ಗೆಲ್ಲಲಿ ಎಂಬ ಉತ್ತರ ಎಲ್ಲರ ಬಾಯಿಗೂ ಮೊದಲು ಬರುವುದು. ಆದರೆ ಹೊಸದಾವುದೆಂದು ಯಂತ್ರಕ್ಕೆ ಹೇಳುವುದು ಗಡಿಯಾರ. ಗಡಿಯಾರ ಸುಳ್ಳು ಹೇಳಿದರೆ ನ್ಯಾಯವೂ ಸುಳ್ಳಾಗುವುದು. ಊರಿನ ಕಂಪ್ಯೂಟರಿನೊಳಗೆ ಗಡಿಯಾರವನ್ನು ನಡೆಸುವ ಗುಂಡಿಯಂಥ ಬ್ಯಾಟರಿಯು ಮುಗಿದು, ವಿದ್ಯುತ್ತು ಹೋದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಜಾರುತ್ತಿತ್ತು. ಇಂಟರ್‌ನೆಟ್ಟು ಬಂದ ಮೇಲೆಯೇ ಅದು ಸರಿಹೋಗುವುದು. ಆ ನಡುವೆ ಅಣ್ಣನವರು ಒಂದು ಸಂಜೆಯೆಲ್ಲ ಕುಳಿತು ತಿದ್ದಿದ ಹಾಡುಗಳ ಬರೆಹಕ್ಕೆ ಹಳೆಯ ತಾರೀಖು ಬಿದ್ದಿತು. ಈ ಸಲ ತಮ್ಮನವರು ಯಂತ್ರವನ್ನು ನಂಬದೆ, ಏನೇನು ಮಾಡಲಿರುವೆಯೆಂದು ಮೊದಲು ಪಟ್ಟಿ ಕೇಳಿ ನೋಡಿದ್ದರಿಂದ ಕಣ್ಣಿಗೆ ಬಿದ್ದಿತು. ಇಲ್ಲವಾದರೆ ತಿದ್ದಿದ್ದು ಹಳೆಯದೆನಿಸಿ ತಿದ್ದದ್ದೇ ಗೆಲ್ಲುತ್ತಿತ್ತು. ಒಂದು ಸಣ್ಣ ಬ್ಯಾಟರಿ ಹಾಕಿದಲ್ಲಿಗೆ ಆ ತೊಂದರೆ ನಿಂತಿತು.

ಕಾಲವನ್ನು ಅಳೆಯುವುದರಲ್ಲಿಯೂ ಎಲ್ಲ ಡಿಸ್ಕುಗಳು ಒಂದೇ ತೆರನಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನವರೆಗೂ ಲೆಕ್ಕ ಇಡುವುದು. ಪೆನ್‌ಡ್ರೈವುಗಳಲ್ಲಿ ಬಳಕೆಯಲ್ಲಿರುವ ಹಳೆಯ ಫ್ಯಾಟ್ ವ್ಯವಸ್ಥೆಯು ಎರಡೆರಡು ಸೆಕೆಂಡಿಗೊಮ್ಮೆ ಮಾತ್ರ ಎಣಿಸುವುದು. ಆದುದರಿಂದ ಪೆನ್‌ಡ್ರೈವಿನ ಕಡತವನ್ನು ಕಂಪ್ಯೂಟರಿನದರೊಡನೆ ಹೋಲಿಸುವಾಗ ಎರಡು ಸೆಕೆಂಡಿನ ವ್ಯತ್ಯಾಸವನ್ನು ಮನ್ನಿಸೆಂದು ಹೇಳದಿದ್ದರೆ, ಒಂದೇ ಆದ ಹಾಡು ಬೇರೆಯೆಂದು ತೋರುವುದು. ಗಾತ್ರವನ್ನೂ ತಾರೀಖನ್ನೂ ನೋಡಿ ಹೋಲಿಸುವುದು ಬೇಗನೆ ಆಗುವ ಕೆಲಸ, ನಿತ್ಯಕ್ಕೆ ಅದು ಸಾಕು. ಒಳಗಿನ ಪ್ರತಿಯೊಂದು ಅಕ್ಷರವನ್ನೂ ಹೋಲಿಸುವುದು ನಿಧಾನ, ಆದರೆ ಸಂಶಯಕ್ಕೆ ಎಡೆಯಿಲ್ಲ.

ಇನ್ನು ಇಬ್ಬರೂ ಒಂದೇ ದಿನ ಒಂದೇ ಬರೆಹವನ್ನು ತಿದ್ದಿದರೆ ಗಡಿಯಾರ ಸರಿಯಿದ್ದೂ ಪ್ರಯೋಜನವಿಲ್ಲ. ಅಂಥಲ್ಲಿ ತಾನೇ ತೀರ್ಪು ಕೊಡದೆ ಇಬ್ಬರದನ್ನೂ ಉಳಿಸುವ ಸಾಧನವೇ ಲೇಸು. ಯೂನಿಸನ್ ಎರಡನ್ನೂ ಮುಟ್ಟದೆ ಯಜಮಾನನನ್ನು ಕೇಳುವುದು. ಸಿಂಕ್‌ಥಿಂಗ್ ಎರಡರಲ್ಲಿ ಹಳೆಯದಕ್ಕೆ ಬೇರೆ ಹೆಸರಿಟ್ಟು ಪಕ್ಕದಲ್ಲಿ ಇಡುವುದು. ಗ್ರಂಥಸಂಪಾದಕರು ಅಡಿಟಿಪ್ಪಣಿಯಲ್ಲಿ ಪಾಠಾಂತರ ಕೊಡುವುದೂ ಇದೇ ನ್ಯಾಯದಿಂದ. ತಾಯಿಯವರು ಒಂದು ಸಾಲನ್ನು ಎರಡು ಸಲ ಎರಡು ಬಗೆಯಾಗಿ ಹಾಡಿದ್ದುಂಟು. ಅಣ್ಣನ ಕಿವಿಗೆ ಒಂದು, ತಮ್ಮನ ಕಿವಿಗೆ ಇನ್ನೊಂದು ಸರಿಯೆನಿಸಿದ್ದರೆ, ಯಂತ್ರವು ನಡುವೆ ಬಂದು ಒಂದನ್ನು ನುಂಗುವುದು ನ್ಯಾಯವಲ್ಲ.

ಹೆಸರಿನಲ್ಲಿಯೇ ಮೋಸಹೋದ ಪ್ರಸಂಗವೂ ಒಂದು ನಡೆಯಿತು. ಮಗಳು ತನ್ನ ಹಳೆಯ ಆಪಲ್ ಯಂತ್ರದಿಂದ ಕೆಲವು ಕಡತಗಳನ್ನು ಸೇರಿಸಿದಾಗ ‘ಶೋಭಾನೆ’ ಎಂಬ ಒಂದೇ ಹೆಸರಿನ ಎರಡು ಕಡತಗಳು ಒಂದೇ ಫೋಲ್ಡರಿನಲ್ಲಿ ಕಾಣಿಸಿಕೊಂಡುವು. ಕಣ್ಣಿಗೆ ಒಂದು ಕೂದಲೆಳೆಯ ಭೇದವೂ ಇಲ್ಲ. ಕಾರಣವೇನೆಂದರೆ, ಶೋ ಎಂಬಲ್ಲಿರುವ ಓಕಾರವನ್ನು ಒಂದು ಯಂತ್ರವು ಒಂದೇ ಚಿಹ್ನೆಯಾಗಿ ಇಟ್ಟಿತ್ತು. ಇನ್ನೊಂದು ಎತ್ವ, ಕೊಂಬು, ದೀರ್ಘ ಎಂದು ಮೂರಾಗಿ ಬಿಡಿಸಿ ಇಟ್ಟಿತ್ತು. 1998ರಲ್ಲಿ ಬಂದ ಆಪಲ್ ಕಂಪನಿಯ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತವ್ಯವಸ್ಥೆಯು ಹೆಸರುಗಳನ್ನು ಹೀಗೆ ಬಿಡಿಸಿಡುವುದು. ಒಂದು ಸಂಹಿತಾಪಾಠ, ಒಂದು ಪದಪಾಠ ಎಂದರೆ ವೈದಿಕರಿಗೆ ಅರ್ಥವಾದೀತು. ಇವೆರಡನ್ನೂ ಒಂದೆಂದು ಎಣಿಸುವ ಏರ್ಪಾಡು ಒಳ್ಳೆಯ ಸಾಧನಗಳಲ್ಲಿ ಉಂಟು. ಕನ್ನಡದಲ್ಲಿ ಹೆಸರಿಡುವವರು ಅದನ್ನು ಹುಡುಕಿ ನೋಡುವುದು ಒಳ್ಳೆಯದು.

ಕಡೆಯದಾಗಿ ಅತ್ಯಂತಾಭಾವ. ಬರೆಯುತ್ತಿರುವಾಗ ಯಂತ್ರವು ತನ್ನ ಅನುಕೂಲಕ್ಕೆಂದು ಮಾಡಿಕೊಳ್ಳುವ ತಾತ್ಕಾಲಿಕ ಕಡತಗಳು, ಚಿತ್ರಗಳ ಸಣ್ಣ ನೆರಳುಗಳು, ಇವು ಇನ್ನೊಂದು ಮನೆಗೆ ಎಂದಿಗೂ ಹೋಗಬೇಕಾದುವಲ್ಲ. ಇವನ್ನು ಲೆಕ್ಕದಿಂದ ಹೊರಗಿಡೆಂದು ಒಮ್ಮೆ ಹೇಳಿಟ್ಟರೆ, ಪಟ್ಟಿ ಚಿಕ್ಕದಾಗುವುದು. ಪಟ್ಟಿ ಚಿಕ್ಕದಾದರೆ ಮನುಷ್ಯರು ಅದನ್ನು ಓದುವರು.

ಆ ವರ್ಷ ದೀಪಾವಳಿಗೆ ಅಣ್ಣತಮ್ಮಂದಿರು ಊರಿನ ಜಗಲಿಯ ಮೇಲೆ ಒಟ್ಟಿಗೆ ಕುಳಿತು, ತಂತ್ರಾಂಶವು ಕೇಳುವ ಪ್ರಶ್ನೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ಉತ್ತರ ಬರೆದರು. ಹಾಡುಗಳಿಗೂ ಬರೆಹಗಳಿಗೂ ಬೇರೆ ಬೇರೆ ಫೋಲ್ಡರು. ಹಾಡುಗಳದು ಊರಿನಿಂದ ಮೈಸೂರಿಗೆ ಏಕಮುಖ. ಊರಿನಲ್ಲಿ ಅಳಿದರೂ ಮೈಸೂರಿನಲ್ಲಿ ಅಳಿಯಕೂಡದು. ಬರೆಹಗಳದು ದ್ವಿಮುಖ, ವಿರೋಧ ಬಂದರೆ ಎರಡನ್ನೂ ಉಳಿಸತಕ್ಕದ್ದು, ಹಳೆಯ ಆವೃತ್ತಿಗಳನ್ನು ಎರಡು ಕಡೆಯೂ ಒಂದು ವರ್ಷ ಇಡತಕ್ಕದ್ದು. ಪಟ್ಟಿಯನ್ನು ನೋಡದೆ ಯಾವುದನ್ನೂ ನಡೆಸಕೂಡದು. ಅಳಿಸಬೇಕಾದುವು ಐದಕ್ಕಿಂತ ಹೆಚ್ಚಾಗಿದ್ದರೆ ಅಂದು ನಿಲ್ಲಿಸಿ ಇನ್ನೊಂದು ಮನೆಗೆ ಫೋನು ಮಾಡತಕ್ಕದ್ದು. ಇವೆಲ್ಲಕ್ಕೂ ಹೊರಗೆ, ಯಾವ ಸಿಂಕಿಗೂ ಸೇರದ ಒಂದು ಡಿಸ್ಕಿಗೆ ತಿಂಗಳಿಗೊಮ್ಮೆ ಎಲ್ಲವನ್ನೂ ತುಂಬಿ, ತಂತಿ ಬಿಚ್ಚಿ, ಬೀರುವಿನಲ್ಲಿ ಇಡತಕ್ಕದ್ದು. ವರ್ಷಕ್ಕೊಮ್ಮೆ, ದೀಪಾವಳಿಯಲ್ಲಿ, ಒಳಗಿನ ಅಕ್ಷರ ಅಕ್ಷರವನ್ನೂ ಹೋಲಿಸಿ ನೋಡತಕ್ಕದ್ದು. ಊರಿನ ಕಂಪ್ಯೂಟರಿಗೆ ದೊಡ್ಡ ಡಿಸ್ಕನ್ನು ತಮ್ಮನವರು ತಂದಿದ್ದರು. ಅದನ್ನು ಮೊದಲೇ ತಂದಿದ್ದರೆ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ.

ಹೋದ ಏಳು ಹಾಡುಗಳ ಮಾತುಗಳು ತಮ್ಮನವರ ನೋಟುಪುಸ್ತಕದಲ್ಲಿ ಉಳಿದಿದ್ದುವು. ಮಟ್ಟು ಅಣ್ಣನವರ ಹೆಂಡತಿಗೆ ಬರುತ್ತಿತ್ತು. ಮೂವತ್ತೆಂಟು ವರ್ಷ ಅತ್ತೆಯ ಪಕ್ಕದಲ್ಲಿ ಕುಳಿತು ಹಸೆಯ ಮುಂದೆ ಹಾಡಿದವರು ಅವರು. ಆ ದೀಪಾವಳಿಯಲ್ಲಿಯೇ ಅವರಿಂದ ಏಳನ್ನೂ ಹಾಡಿಸಿ ಹಿಡಿದಿಟ್ಟರು. ಪಟ್ಟಿಯಲ್ಲಿ 40ರಿಂದ 46ರವರೆಗಿನ ಜಾಗ ಬರಿದಾಗಿತ್ತು. ಈ ಹಾಡುಗಳನ್ನು ಅಲ್ಲಿಯೇ, ಅದೇ ಹೆಸರಿನಿಂದ, ಸೇರಿಸಿದರೆ ಪೂರ್ತಿಯಾಗುವುದೆಂದು ಅಣ್ಣನವರು ಹೇಳಿದರು. ಅತ್ತಿಗೆ ಒಪ್ಪಲಿಲ್ಲ.

“ಅದು ಅತ್ತೆಯವರ ಹಾಡು, ಇದು ನಾನು ಹಾಡಿದ್ದು. ನಾಳೆ ಮಕ್ಕಳು ಕೇಳಿ ಅಜ್ಜಿಯ ಧ್ವನಿಯೆಂದು ತಿಳಿದುಕೊಂಡಾರು. ಬೇರೆ ಹೆಸರಿಡಿ” ಎಂದರು.

ಹಾಗೆಯೇ ಮಾಡಿದರು. ಸೊಸೆಯ ಹಾಡುಗಳಿಗೆ 47ರಿಂದ ಅಂಕೆ ಬಿದ್ದಿತು. 40ರಿಂದ 46ರವರೆಗಿನ ಸಾಲುಗಳನ್ನು ಪಟ್ಟಿಯಿಂದ ತೆಗೆಯದೆ, ಒಂದೊಂದು ಹಾಡಿನ ಹೆಸರಿನ ಮುಂದೆಯೂ ಅದನ್ನು ಹಾಡಿದ ದಿನವನ್ನು ಬರೆದು, ಕಡತವಿರಬೇಕಾದ ಕಡೆಯಲ್ಲಿ ‘ಇತ್ತು’ ಎಂದು ತಮ್ಮನವರು ಬರೆದರು. ಆ ಪಟ್ಟಿಯೂ ಒಂದು ಕಡತವಾದುದರಿಂದ, ಆ ರಾತ್ರಿಯೇ ಅದು ಎರಡು ಮನೆಗಳಲ್ಲಿಯೂ ಸಮನಾಯಿತು.